ವಾರದ ತರಕಾರಿ ಬುಟ್ಟಿಗೆ ಸೇರುವ ಮುನ್ನ

ಮೈಸೂರಿನ ಬೋಗಾದಿ, ವಿಜಯನಗರ, ಕುವೆಂಪುನಗರದ ಕಡೆ ಹೊಸದಾಗಿ ಸಂಸಾರ ಹೂಡಿದವರು ಈಚೆಗೆ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ತೋಟದಿಂದ ನೇರವಾಗಿ ವಾರಕ್ಕೊಂದು ಸಲ ತರಕಾರಿ ತಂದುಕೊಡ್ತಾರಂತೆ, ಸೇರಿಕೊಳ್ಳಬಹುದಾ?" ಧಾರಾಳವಾಗಿ ಸೇರಿಕೊಳ್ಳಬಹುದು. ಆದರೆ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಂಡು ಸೇರಬೇಕು. ಮಾರ್ಕೆಟ್ಟಿಗೆ ಹೋಗುವಾಗ ನಾವು ನಾಳೆ ಏನು ಅಡುಗೆ ಎಂದು ಯೋಚಿಸಿ ತರಕಾರಿ ತರುತ್ತೇವೆ. ಬುಟ್ಟಿಯ ವ್ಯವಸ್ಥೆಯಲ್ಲಿ ತರಕಾರಿ ಮೊದಲು ಬರುತ್ತದೆ, ಅಡುಗೆ ಏನೆಂಬುದು ಆಮೇಲೆ ಗೊತ್ತಾಗುತ್ತದೆ. ಈ ಹಿಂದುಮುಂದನ್ನು ಒಪ್ಪಿಕೊಂಡ ಮನೆಯಲ್ಲಿ ಬುಟ್ಟಿ ನಿಲ್ಲುತ್ತದೆ. ಒಪ್ಪದ ಮನೆಯಲ್ಲಿ ಎರಡನೇ ವಾರಕ್ಕೇ ಸೊಪ್ಪು ಕೊಳೆಯುತ್ತದೆ, ಬೇಸರವಾಗುತ್ತದೆ, ಬುಟ್ಟಿ ನಿಂತುಹೋಗುತ್ತದೆ.

ವ್ಯವಸ್ಥೆ ಸರಳವಾದದ್ದು. ಒಂದು ತಿಂಗಳಿಗೋ ಮೂರು ತಿಂಗಳಿಗೋ ಮುಂಗಡ ಹಣ ಕೊಡುತ್ತೀರಿ. ವಾರದ ಗೊತ್ತಾದ ಒಂದು ದಿನ ಬಟ್ಟೆ ಚೀಲದಲ್ಲೋ ಪ್ಲಾಸ್ಟಿಕ್ ಕ್ರೇಟಿನಲ್ಲೋ ತರಕಾರಿ ಮನೆಗೆ ಬರುತ್ತದೆ. ಮೂರು ನಾಲ್ಕು ಬಗೆ ತರಕಾರಿ, ಎರಡು ಮೂರು ಕಟ್ಟು ಸೊಪ್ಪು, ಒಂದು ಗೆಡ್ಡೆ, ಸ್ವಲ್ಪ ಹಸಿಮೆಣಸಿನಕಾಯಿ, ಕರಿಬೇವು. ಕೆಲವು ವಾರ ಬಾಳೆಹಣ್ಣು ಅಥವಾ ಪರಂಗಿ. ಏನು ಬರಬೇಕೆಂದು ತೀರ್ಮಾನಿಸುವುದು ಆ ವಾರದ ಹೊಲ.

ಸೇರುವ ಮೊದಲು ಇದು ಯಾವ ಬಗೆಯದು ಎಂದು ಕೇಳಿ ತಿಳಿಯಿರಿ. ಒಬ್ಬನೇ ರೈತ ತನ್ನ ತೋಟದ ಬೆಳೆಯನ್ನು ಮಾತ್ರ ಕಳಿಸುವುದು ಒಂದು ಬಗೆ. ಐದಾರು ರೈತರ ಗುಂಪೋ ಒಬ್ಬ ಸಂಘಟಕನೋ ಹಲವು ತೋಟದ್ದನ್ನು ಒಟ್ಟುಮಾಡಿ ಕಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ವೈವಿಧ್ಯ ಕಡಿಮೆ, ಪರಿಚಯ ಹೆಚ್ಚು. ಎರಡನೆಯದರಲ್ಲಿ ಒಂದು ತೋಟ ಸೋತರೆ ಇನ್ನೊಂದು ಕೈಹಿಡಿಯುತ್ತದೆ, ಆದರೆ ಯಾವ ಬದನೆ ಯಾರ ಹೊಲದ್ದು ಎಂದು ಕೇಳಿದರೆ ಉತ್ತರ ಸಿಗಬೇಕು. ಮೂರನೆಯ ಬಗೆಯೂ ಉಂಟು: ಮಂಡಿಯಲ್ಲಿ ಕೊಂಡ ತರಕಾರಿಯನ್ನು ಅಂದವಾದ ಪೆಟ್ಟಿಗೆಗೆ ತುಂಬಿ 'ತೋಟದಿಂದ' ಎಂದು ಬರೆದು ಕಳಿಸುವುದು. ವರ್ಷದ ಹನ್ನೆರಡು ತಿಂಗಳೂ ಹೂಕೋಸು, ಕ್ಯಾರೆಟ್, ಬಟಾಣಿ ತಪ್ಪದೆ ಬರುತ್ತಿದ್ದರೆ ಅದು ಮೂರನೆಯ ಬಗೆಯೆಂದು ಅನುಮಾನಿಸಿ.

ಈ ಪದ್ಧತಿಗೆ ಜಗತ್ತಿನ ಬೇರೆ ಬೇರೆ ಕಡೆ ಬೇರುಗಳಿವೆ. ಕೀಟನಾಶಕದ ಭಯದಿಂದ ಜಪಾನಿನ ತಾಯಂದಿರು ರೈತರ ಜೊತೆ ನೇರ ಒಪ್ಪಂದ ಮಾಡಿಕೊಳ್ಳತೊಡಗಿದ ಕಾಲದಲ್ಲೇ, 1971ರಲ್ಲಿ, ಅಲ್ಲಿನ ಸಾವಯವ ಕೃಷಿ ಸಂಘ ಹುಟ್ಟಿತು. ಅದೇ ದಶಕದಲ್ಲಿ ಅಮೆರಿಕದ ಅಲಬಾಮಾದ ಟಸ್ಕೆಗೀಯಲ್ಲಿ ಪ್ರಾಧ್ಯಾಪಕರಾಗಿದ್ದ ಬುಕರ್ ವಾಟ್ಲಿ, ಸಣ್ಣ ಹಿಡುವಳಿಯ ಕಪ್ಪು ರೈತರಿಗೆ ಒಂದು ದಾರಿ ಹೇಳಿದರು: ಪಟ್ಟಣದ ಮನೆಗಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ, ಅವರು ಮುಂಗಡ ಕೊಟ್ಟು ಬಂದು ತಾವೇ ಕೊಯ್ದುಕೊಂಡು ಹೋಗಲಿ. 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ತೋಟಗಳು ಸುಗ್ಗಿಯ ಪಾಲನ್ನು ಊರಿನವರಿಗೆ ಮುಂಗಡವಾಗಿ ಹಂಚುವ ಕ್ರಮ ಶುರುಮಾಡಿದವು. ಇವತ್ತಿನ ವಾರದ ಬುಟ್ಟಿಯ ನೇರ ಹಿರಿಯರು ಇವರೇ.

ನಮ್ಮ ಕಡೆ ಹಾಲಿಗೆ, ಹೂವಿಗೆ ವರ್ತನೆ ಇಟ್ಟುಕೊಂಡ ಮನೆಗಳು ಎಷ್ಟೋ. ತಿಂಗಳ ಲೆಕ್ಕ, ಗೊತ್ತಾದ ಹೊತ್ತು, ಗೊತ್ತಾದ ಮನುಷ್ಯ. ತರಕಾರಿಗೂ ಇಂಥ ನಂಟು ಬೇಕೆಂದು ಮೈಸೂರು ಸೀಮೆಯಲ್ಲಿ ಬಹಳ ಹಿಂದೆಯೇ ದುಡಿದವರಿದ್ದಾರೆ. ಎಚ್.ಡಿ. ಕೋಟೆ ತಾಲ್ಲೂಕಿನ ಕ್ರ್ಯಾಕ್-ಎ-ಡಾನಾ ತೋಟದ ಜೂಲಿ ಮತ್ತು ವಿವೇಕ್ ಕಾರ್ಯಪ್ಪ ದಂಪತಿ 1980ರ ದಶಕದಿಂದ ಸಾವಯವ ಬೇಸಾಯ ಮಾಡುತ್ತ, ಬೆಳೆದದ್ದನ್ನು ಕಚ್ಚಾ ಮಾಲಾಗಿ ಮಂಡಿಗೆ ಸುರಿಯದೆ ತೋಟದಲ್ಲೇ ಪದಾರ್ಥ ಮಾಡಿ ಬಳಸುವವರಿಗೆ ತಲುಪಿಸುವ ದಾರಿ ಹಿಡಿದರು. ಸಹಜ ಸಮೃದ್ಧ ಸಂಸ್ಥೆ ನಗರದ ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆಸುವ ಗೆಡ್ಡೆಗೆಣಸು ಮೇಳದಂಥ ಮೇಳಗಳಿಗೆ ಒಂದು ಸಲ ಹೋಗಿಬನ್ನಿ. ಬೆಳೆದವರೇ ಎದುರು ಕುಳಿತಿರುತ್ತಾರೆ. ನಿಮ್ಮ ಬುಟ್ಟಿಯ ರೈತ ನಿಮಗೆ ಸಿಗುವುದು ಅಂಥ ಕಡೆಯೇ.

ರೈತನಿಗೆ ಇದರಿಂದ ಏನು ಲಾಭ ಎಂಬುದನ್ನು ಹೊಸಬರು ತಿಳಿದಿರಲೇಬೇಕು, ಏಕೆಂದರೆ ನಿಮ್ಮ ಮುಂಗಡದ ಅರ್ಥ ಅಲ್ಲಿದೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ನಾವು ಟೊಮೆಟೊಗೆ ಕೊಡುವ ಪ್ರತಿ 100 ರೂಪಾಯಿಯಲ್ಲಿ ಬೆಳೆದವನಿಗೆ ಸಿಗುವುದು ಸುಮಾರು 33 ರೂಪಾಯಿ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದದ್ದು ಸಾಗಣೆ, ಕಮಿಷನ್, ಕೊಳೆತು ಹೋದದ್ದು, ಚಿಲ್ಲರೆ ಮಾರಾಟ ಎಂದು ದಾರಿಯಲ್ಲಿ ಹರಿದುಹೋಗುತ್ತದೆ. ಬಂಡಿಪಾಳ್ಯದ ಎಪಿಎಂಸಿಗೆ ಬೆಳಗಿನ ಜಾವ ಟೊಮೆಟೊ ಇಳಿಸುವವನಿಗೆ ಅವತ್ತಿನ ಬೆಲೆ ಗೊತ್ತಾಗುವುದು ಇಳಿಸಿದ ಮೇಲೆ. 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದ ಅದೇ ಹಣ್ಣು ಬೇರೆ ಕಾಲದಲ್ಲಿ ಬಿಡಿಸುವ ಕೂಲಿಗೂ ಸಾಲದೆ ರಸ್ತೆ ಬದಿಗೆ ಬೀಳುತ್ತದೆ. ಬುಟ್ಟಿಗೆ ಮುಂಗಡ ಕೊಟ್ಟ ನಲವತ್ತು ಮನೆಗಳಿದ್ದರೆ ರೈತನಿಗೆ ಬಿತ್ತುವ ದಿನವೇ ಬೆಲೆ ಗೊತ್ತು, ಎಷ್ಟು ಬಿತ್ತಬೇಕೆಂಬುದೂ ಗೊತ್ತು.

ಈ 'ಎಷ್ಟು, ಯಾವಾಗ' ಎಂಬ ಲೆಕ್ಕವೇ ಬುಟ್ಟಿಯ ಜೀವಾಳ. ಮೆಂತ್ಯ, ದಂಟು, ಹರಿವೆ ಬಿತ್ತಿದ 25–30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೂಲಂಗಿಗೆ 40–45 ದಿನ ಬೇಕು, ಬೆಂಡೆಗೂ ಹೆಚ್ಚುಕಡಿಮೆ ಅಷ್ಟೇ. ಹುರುಳಿಕಾಯಿಗೆ ಎರಡು ತಿಂಗಳ ಹತ್ತಿರ. ಕ್ಯಾರೆಟ್‌ಗೆ ಮೂರು ತಿಂಗಳು. ಟೊಮೆಟೊ ಸಸಿ ಮಡಿಯಲ್ಲೇ ಮೂರು ನಾಲ್ಕು ವಾರ ಇದ್ದು, ನಾಟಿಯಾದ ಎರಡು ಎರಡೂವರೆ ತಿಂಗಳಿಗೆ ಮೊದಲ ಹಣ್ಣು ಕೊಡುತ್ತದೆ. ಸುವರ್ಣಗೆಡ್ಡೆಗೆ ಎಂಟು ಒಂಬತ್ತು ತಿಂಗಳು, ಬಾಳೆಗೆ ವರ್ಷ. ಹೀಗಾಗಿ ನಿಮ್ಮ ಕೈಯಲ್ಲಿರುವ ಒಂದೇ ಚೀಲದೊಳಗೆ ಕಳೆದ ತಿಂಗಳು ಬಿತ್ತಿದ್ದೂ ಇದೆ, ಹೋದ ವರ್ಷ ನೆಟ್ಟದ್ದೂ ಇದೆ. ಮನೆಗೆ ಅರ್ಧ ಕೆ.ಜಿ. ಹುರುಳಿಕಾಯಿ ಎಂದರೆ ನಲವತ್ತು ಮನೆಗೆ ಒಂದು ವಾರಕ್ಕೆ 20 ಕೆ.ಜಿ. ಅದು ಒಂದೇ ಸಲ 100 ಕೆ.ಜಿ. ಬಂದರೂ ಕಷ್ಟ, ಬಾರದಿದ್ದರೂ ಕಷ್ಟ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಬಿತ್ತದೆ, ಹತ್ತು ಹನ್ನೆರಡು ದಿನಕ್ಕೊಂದು ತುಂಡು ಜಾಗದಲ್ಲಿ ಬಿತ್ತುತ್ತ ಹೋಗಬೇಕು. ಮಂಡಿಗೆ ಬೆಳೆಯುವವನು ಒಂದು ಬೆಳೆಯನ್ನು ಚೆನ್ನಾಗಿ ಬಲ್ಲವನಾದರೆ ಸಾಕು, ಬುಟ್ಟಿಗೆ ಬೆಳೆಯುವವನು ಇಪ್ಪತ್ತು ಬೆಳೆಗಳ ಹಗಲು ರಾತ್ರಿಯನ್ನು ಬಲ್ಲವನಾಗಬೇಕು. ಈ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ. ಒಂದು ವಾರ ಹುರುಳಿಕಾಯಿ ತಪ್ಪಿದಾಗ ದೂರುವ ಮೊದಲು ನೀವೂ ಈ ಲೆಕ್ಕವನ್ನು ಒಂದು ಸಲ ಹಾಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ಯಾವ ಕಾಲಕ್ಕೆ ಏನು ನಿರೀಕ್ಷಿಸಬೇಕು? ಹೊಸಬರಿಗೆ ನಾನು ಹೇಳುವುದು: ಶುರುಮಾಡುವುದಾದರೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮಾಡಿ. ನಮ್ಮ ಸೀಮೆಯ ತರಕಾರಿಗೆ ಅದು ಚೆನ್ನಾದ ಕಾಲ. ಹಗಲು ಕಿರಿದಾಗುತ್ತ ಬಂದಂತೆ ಹೂ ಬಿಡುವ ಸೊಗಡಿನ ಅವರೆ ಆಗ ಬರುತ್ತದೆ. ತೊಗರಿಕಾಯಿ, ಹಸಿಕಡಲೆ, ಬಟಾಣಿ, ಹೂಕೋಸು, ನವಿಲುಕೋಸು, ಎಳೆ ಮೂಲಂಗಿ ಎಲ್ಲವೂ ಆಗಲೇ. ಸೊಪ್ಪಿಗೆ ಹುಳ ಕಡಿಮೆ. ಬೇಸಿಗೆಗೆ ಬುಟ್ಟಿಯ ಮುಖವೇ ಬದಲಾಗುತ್ತದೆ: ಸೋರೆ, ಹೀರೆ, ಪಡವಲ, ಹಾಗಲ, ಕುಂಬಳ, ಸೌತೆ. ನೀರು ಕಡಿಮೆಯಾದ ತೋಟದಿಂದ ಸೊಪ್ಪು ಒಂದೇ ಕಟ್ಟು ಬಂದೀತು. ಮೈಸೂರಿನಲ್ಲಿ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಮಳೆ ಜೋರು. ನಾಲ್ಕು ದಿನ ಬಿಡದೆ ಹೊಯ್ದರೆ ಸೊಪ್ಪು ಮಡಿಯಲ್ಲೇ ಕೊಳೆಯುತ್ತದೆ, ಟೊಮೆಟೊಗೆ ಅಂಗಮಾರಿ ಬೀಳುತ್ತದೆ. ದಸರೆಯ ಹೊತ್ತಿಗೆ ಮನೆ ತುಂಬ ನೆಂಟರಿರುವಾಗಲೇ ಬುಟ್ಟಿ ಬಡವಾಗುವುದು ಈ ಕಾರಣಕ್ಕೆ. ಆಗ ಗೆಡ್ಡೆಗಳೂ ಬಲಿತ ಕುಂಬಳವೂ ಕೈಹಿಡಿಯುತ್ತವೆ. ನಿಮ್ಮ ರೈತ ಈರನಗೆರೆ ಬದನೆಯನ್ನೋ ನಂಜನಗೂಡು ರಸಬಾಳೆಯನ್ನೋ ಬೆಳೆಯುವವನಾದರೆ ನೀವು ಪುಣ್ಯವಂತರು. ರಸಬಾಳೆಯಂತೂ ಪನಾಮಾ ಸೊರಗು ರೋಗದಿಂದಾಗಿ ತನ್ನ ಊರಿನಲ್ಲೇ ಅಪರೂಪವಾದ ಹಣ್ಣು.

ಬುಟ್ಟಿ ಮನೆಗೆ ಬಂದ ದಿನದ ಒಂದು ಗಂಟೆ ಇಡೀ ವಾರವನ್ನು ತೀರ್ಮಾನಿಸುತ್ತದೆ. ಆ ಒಂದು ಗಂಟೆಯನ್ನು ಬಿಡುವು ಮಾಡಿಟ್ಟುಕೊಳ್ಳಿ. ಕೊಯ್ದ ತರಕಾರಿಗೂ ಉಸಿರಾಟ ಉಂಟು. ತನ್ನೊಳಗಿನ ಸಕ್ಕರೆಯನ್ನು ಸುಡುತ್ತ, ನೀರನ್ನು ಬಿಡುತ್ತ ಇರುತ್ತದೆ. ನಮ್ಮ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಕೊಯ್ಲಿನ ನಂತರದ ಹಣ್ಣು ತರಕಾರಿಯ ಮೇಲೆ ದಶಕಗಳಿಂದ ದುಡಿದಿರುವುದು ಈ ಉಸಿರನ್ನು ನಿಧಾನಗೊಳಿಸುವ ದಾರಿ ಹುಡುಕಲಿಕ್ಕೇ. ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್, ನವಿಲುಕೋಸಿನ ಎಲೆಯನ್ನು ತಕ್ಷಣ ಕತ್ತರಿಸಿ ಬೇರೆ ಇಡಿ. ಎಲೆ ಹಾಗೇ ಇದ್ದರೆ ಗೆಡ್ಡೆಯ ನೀರನ್ನೆಲ್ಲ ಎಳೆದುಕೊಂಡು ಅದನ್ನು ಸೊರಗಿಸುತ್ತದೆ. ಸೊಪ್ಪನ್ನು ತೊಳೆದು ಇಡಬೇಡಿ. ಹಳದಿ ಎಲೆ, ಮಣ್ಣು, ಕಳೆ ಆರಿಸಿ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಡಿ. ತೊಳೆಯುವುದು ಒಲೆಗೆ ಹೋಗುವ ಮುಂಚೆ. ಬೆಂಡೆಕಾಯಿಗೆ ತೇವ ತಾಗಿದರೆ ಲೋಳೆಯಾಗುತ್ತದೆ, ಒರೆಸಿ ಇಡಿ. ಟೊಮೆಟೊ, ಬಾಳೆ, ಕುಂಬಳ, ಗೆಡ್ಡೆಗೆಣಸು ಹೊರಗೇ ಇರಲಿ. ಹಣ್ಣಾಗುತ್ತಿರುವ ಬಾಳೆಯ ಪಕ್ಕ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ. ಆಲೂಗಡ್ಡೆಗೆ ಕತ್ತಲೆ ಬೇಕು, ಈರುಳ್ಳಿಯ ಸಂಗ ಬೇಡ.

ಅಡುಗೆಯ ಕ್ರಮ ಆಯುಸ್ಸಿನ ಕ್ರಮ: ಕಡಿಮೆ ಬಾಳುವುದು ಮೊದಲು. ಸೊಪ್ಪು ಮೊದಲ ಎರಡು ದಿನಕ್ಕೆ, ಬೆಂಡೆ ಬದನೆ ಹುರುಳಿಕಾಯಿ ಮೂರು ನಾಲ್ಕನೇ ದಿನಕ್ಕೆ, ಸೋರೆ ಎಲೆಕೋಸು ಆಮೇಲೆ, ಕುಂಬಳ ಸುವರ್ಣಗೆಡ್ಡೆ ವಾರದ ಕೊನೆಗೆ. ಇಲ್ಲಿ ನಮ್ಮ ಮೈಸೂರು–ಮಂಡ್ಯ ಸೀಮೆಯ ಅಡುಗೆಮನೆಗೆ ಒಂದು ದೊಡ್ಡ ಅನುಕೂಲವಿದೆ. ಏನು ಸಿಕ್ಕಿತೋ ಅದರಿಂದ ಅಡುಗೆ ಮಾಡುವುದು ನಮ್ಮ ಅಜ್ಜಿಯರ ನಿತ್ಯದ ಕ್ರಮ. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಇಂಥದ್ದೇ ಸೊಪ್ಪು ಬೇಕೆಂಬ ನಿಯಮವಿಲ್ಲ: ದಂಟು, ಸಬ್ಬಸಿಗೆ, ಪಾಲಕ್, ಮೂಲಂಗಿ ಎಲೆ, ನವಿಲುಕೋಸಿನ ಎಳೆ ಎಲೆ, ತೋಟದ ಬದುವಿನ ಹೊನಗೊನ್ನೆ, ಎಲ್ಲವೂ ತೊಗರಿಬೇಳೆಯ ಜೊತೆ ಬೆಂದು ಮಸೆದರೆ ಆಯಿತು. ಬಸ್ಸಾರು ಮಾಡಿದರೆ ಕಾಳು ಸೊಪ್ಪು ಬೆಂದ ಕಟ್ಟು ಸಾರಿಗೆ, ಬಸಿದು ಉಳಿದದ್ದು ಪಲ್ಯಕ್ಕೆ. ಎರಡು ಕಟ್ಟು ಸೊಪ್ಪಿನಲ್ಲಿ ಒಂದು ಹೊತ್ತು ಪೂರ್ತಿ ಮುಗಿಯುತ್ತದೆ. ಮುದ್ದೆಗೆ ಉಪ್ಪೆಸರು ಇದ್ದೇ ಇದೆ. ಹೀರೆಕಾಯಿ ಸಿಪ್ಪೆಗೂ ಸೀಮೆಬದನೆ ಸಿಪ್ಪೆಗೂ ಚಟ್ನಿಯ ದಾರಿ ಗೊತ್ತು. ಬೂದುಗುಂಬಳ ಬಂದರೆ ಮಜ್ಜಿಗೆಹುಳಿ, ಬದನೆ ಹೆಚ್ಚಾದರೆ ವಾಂಗಿಬಾತ್, ಮೆಂತ್ಯ ಹೆಚ್ಚಾದರೆ ಮೆಂತ್ಯದ ಬಾತ್. ಹೆಸರೇ ಗೊತ್ತಿಲ್ಲದ ಸೊಪ್ಪು ಬಂದರೆ ಕೊಟ್ಟವರನ್ನು ಕೇಳಿ, ಇಲ್ಲವೇ ಓಣಿಯ ಹಿರಿಯರಿಗೆ ತೋರಿಸಿ. ಇಂಥ ಹೊತ್ತಿನಲ್ಲಿ ಕಲಿತ ಅಡುಗೆ ಮರೆಯುವುದಿಲ್ಲ.

ಎಷ್ಟು ದೊಡ್ಡ ಬುಟ್ಟಿ ತೆಗೆದುಕೊಳ್ಳಬೇಕು? ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ. ನಾಲ್ಕು ಜನರ ಮನೆಗೆ ವಾರಕ್ಕೆ 11 ಕೆ.ಜಿ. ದಾಟುತ್ತದೆ. ಐದು ಕೆ.ಜಿ.ಯ ಬುಟ್ಟಿ ನೋಡಿ 'ಅಬ್ಬಾ, ಇಷ್ಟನ್ನು ಮುಗಿಸುವುದು ಹೇಗೆ' ಎನಿಸಿದರೆ, ಮನೆಯಲ್ಲಿ ತರಕಾರಿ ಕಡಿಮೆ ಬೇಯುತ್ತಿದೆ ಎಂದು ಅರ್ಥ. ಹಾಗೆಂದು ಮೊದಲ ದಿನವೇ ದೊಡ್ಡದಕ್ಕೆ ಕೈಹಾಕಬೇಡಿ. ಚಿಕ್ಕ ಬುಟ್ಟಿಯಿಂದ, ಒಂದು ತಿಂಗಳ ಪರೀಕ್ಷೆಯಿಂದ ಆರಂಭಿಸಿ. ಇಬ್ಬರೇ ಇರುವ ಮನೆಯಾದರೆ ಎದುರುಮನೆಯವರ ಜೊತೆ ಒಂದು ಬುಟ್ಟಿ ಹಂಚಿಕೊಳ್ಳಿ. ನಿಮಗೆ ಹಾಗಲ ಬೇಡ, ಅವರಿಗೆ ಮೂಲಂಗಿ ಬೇಡ ಎಂದರೆ ಇನ್ನೂ ಒಳ್ಳೆಯದಾಯಿತು. ಊರಿಗೆ ಹೋಗುವುದಿದ್ದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಆ ವಾರದ ಹಣ ಮುಂದಕ್ಕೆ ಜಮೆಯಾಗುತ್ತದೆಯೇ, ಮಳೆಯಿಂದ ಬುಟ್ಟಿ ಬಾರದಿದ್ದರೆ ಏನು ಕ್ರಮ, ಇವನ್ನು ಹಣ ಕೊಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಸಾವಯವ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಬರೋಣ. ಕರ್ನಾಟಕ ಸಾವಯವ ಕೃಷಿಗೆಂದೇ 2004ರಲ್ಲಿ ನೀತಿ ತಂದ ರಾಜ್ಯ. ದೇಶದಲ್ಲಿ ಎರಡು ಬಗೆಯ ಪ್ರಮಾಣೀಕರಣ ಇದೆ: ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವ ಎನ್‌ಪಿಒಪಿ, ರೈತರ ಗುಂಪು ಒಬ್ಬರ ಹೊಲವನ್ನೊಬ್ಬರು ನೋಡಿ ಖಾತರಿ ಕೊಡುವ ಪಿಜಿಎಸ್. ಅಂಗಡಿಯ ಪೊಟ್ಟಣದ ಮೇಲೆ ಜೈವಿಕ್ ಭಾರತ್ ಗುರುತು ಬೇಕೆನ್ನುವ 2017ರ ನಿಯಮಾವಳಿಯೇ, ಬೆಳೆದವನು ತಿನ್ನುವವನಿಗೆ ನೇರವಾಗಿ ಮಾರುವಾಗ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದೆ. ಹಾಗಾಗಿ ನಿಮ್ಮ ರೈತನ ಬಳಿ ಪತ್ರ ಇಲ್ಲದೆಯೂ ಇರಬಹುದು, ಅದು ತಪ್ಪಲ್ಲ. ಆದರೆ ಪತ್ರ ಇಲ್ಲದ ಕಡೆ ನಿಮ್ಮ ಪ್ರಶ್ನೆಗಳೇ ತಪಾಸಣೆ. ಬದನೆಯ ಕಾಯಿಕೊರಕಕ್ಕೆ ಏನು ಮಾಡಿದಿರಿ? ಗೊಬ್ಬರ ಯಾವುದು? ಜೀವಾಮೃತ ಎಂದರೆ ಯಾವಾಗ ಕೊಟ್ಟಿರಿ, ಎಷ್ಟು ಹಸು ಇವೆ? ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ನಿಮ್ಮ ಕಡೆ ಬಾರದಂತೆ ಬದುವಿನಲ್ಲಿ ಏನು ಬೆಳೆಸಿದ್ದೀರಿ? ನಿಜವಾಗಿ ಮಾಡುವವರಿಗೆ ಈ ಪ್ರಶ್ನೆಗಳೆಂದರೆ ಖುಷಿ, ಒಂದಕ್ಕೆ ಹತ್ತು ಮಾತು ಹೇಳುತ್ತಾರೆ. 'ಎಲ್ಲ ನ್ಯಾಚುರಲ್ ಮೇಡಂ' ಎಂಬ ಒಂದೇ ಉತ್ತರ ಬಂದರೆ ಅಲ್ಲಿಂದ ಮುಂದಕ್ಕೆ ನಡೆಯಿರಿ. ಎಲೆಯಲ್ಲಿ ನಾಲ್ಕು ತೂತು ಇರುವುದು ಸಾವಯವದ ಸಾಕ್ಷಿ ಎಂದು ಕೆಲವರು ಹೇಳುತ್ತಾರೆ. ಅದು ಸಾಕ್ಷಿಯಲ್ಲ, ಔಷಧಿ ಹೊಡೆದ ಹೊಲದಲ್ಲೂ ಹುಳ ತಿಂದ ಎಲೆ ಇರುತ್ತದೆ.

ದುಡ್ಡಿನ ವಿಷಯ ಮುಚ್ಚಿಡುವಂಥದ್ದಲ್ಲ. ಸುಗ್ಗಿಯ ವಾರಗಳಲ್ಲಿ ದೇವರಾಜ ಮಾರುಕಟ್ಟೆಯಲ್ಲೋ ಎಂ.ಜಿ. ರಸ್ತೆಯ ಮಾರುಕಟ್ಟೆಯಲ್ಲೋ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಬುಟ್ಟಿಯ ಬೆಲೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಮಾರುಕಟ್ಟೆ ಏರಿದಾಗ ನಿಮಗೆ ಲಾಭ, ಇಳಿದಾಗ ರೈತನಿಗೆ ಲಾಭ. ಒಂದು ವರ್ಷದ ಲೆಕ್ಕ ನೋಡಬೇಕೇ ಹೊರತು ಒಂದು ವಾರದ್ದಲ್ಲ. ವಾರದಲ್ಲಿ ಎರಡು ಮೂರು ದಿನ ಮಾತ್ರ ಒಲೆ ಹಚ್ಚುವವರಿಗೆ, ತಿಂಗಳಲ್ಲಿ ಅರ್ಧ ಊರೂರು ಸುತ್ತುವವರಿಗೆ ನಾನು ಬುಟ್ಟಿ ಬೇಡವೆಂದೇ ಹೇಳುತ್ತೇನೆ. ಅವರಿಗೆ ಹಾಪ್‌ಕಾಮ್ಸ್ ಮಳಿಗೆ ಇದೆ. ಬುಟ್ಟಿ ತೆಗೆದುಕೊಂಡವರಿಗೂ ಒಂದು ಕೋರಿಕೆ: ಬೆಳಿಗ್ಗೆ ಬೀದಿಯಲ್ಲಿ ಸೊಪ್ಪು ಕೂಗಿಕೊಂಡು ಬರುವ ಅಮ್ಮನ ವ್ಯಾಪಾರ ನಿಲ್ಲಿಸಬೇಡಿ. ಆಕೆ ತರುವುದೂ ಸುತ್ತಲಿನ ಊರುಗಳ ಸೊಪ್ಪೇ. ಬುಟ್ಟಿಯಲ್ಲಿ ಸಾಲದೆ ಬಂದದ್ದನ್ನು ಆಕೆಯಿಂದ ಕೊಂಡರೆ ವಾರ ತುಂಬುತ್ತದೆ.

ಕೆಟ್ಟ ತರಕಾರಿ ಬಂದರೆ ಸುಮ್ಮನಿರಬೇಡಿ. ಬಂದ ದಿನವೇ ಫೋಟೊ ತೆಗೆದು ಕಳಿಸಿ, ಏನಾಗಿದೆ ಎಂದು ನೇರವಾಗಿ ಹೇಳಿ. ಕೊಯ್ದ ಹೊತ್ತು ತಪ್ಪಿತೋ, ಒದ್ದೆಯಲ್ಲಿ ಕಟ್ಟಿದರೋ, ಚೀಲದ ತಳಕ್ಕೆ ಟೊಮೆಟೊ ಹಾಕಿದರೋ ಎಂಬುದು ನೀವು ಹೇಳಿದರಷ್ಟೇ ಅವರಿಗೆ ತಿಳಿಯುವುದು. ಚೆನ್ನಾಗಿದ್ದ ವಾರವೂ ಒಂದು ಮಾತು ಹೇಳಿ.

ಪರೀಕ್ಷೆಯ ತಿಂಗಳು ಮುಗಿಯುವ ಮೊದಲು ಒಂದು ಭಾನುವಾರ ತೋಟಕ್ಕೆ ಹೋಗಿಬನ್ನಿ. ಟಿ. ನರಸೀಪುರದ ಕಡೆಯೋ ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ ಕಡೆಯೋ, ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮನೆ ಸೇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಬೇರೆ ಬೇರೆ ವಯಸ್ಸಿನ ಮಡಿಗಳು ಇವೆಯೇ ನೋಡಿ: ಒಂದು ಮೊಳಕೆ, ಒಂದು ಅರ್ಧ ಬೆಳೆದದ್ದು, ಒಂದು ಕೊಯ್ಲಿಗೆ ಬಂದದ್ದು. ಬಂದ ವಾರದ ಬುಟ್ಟಿಯಲ್ಲಿದ್ದ ತರಕಾರಿಗಳ ಗಿಡಗಳನ್ನು ತೋರಿಸಿ ಎಂದು ಕೇಳಿ. ತಿಪ್ಪೆ ಎಲ್ಲಿದೆ, ನೀರು ಬೋರ್‌ವೆಲ್ಲಿನದೋ ಕಬಿನಿ ನಾಲೆಯದೋ, ಬೇಸಿಗೆಯಲ್ಲಿ ಸಾಲುತ್ತದೆಯೋ ಕೇಳಿ. ಇಷ್ಟನ್ನು ಕಣ್ಣಾರೆ ಕಂಡು ಮನಸ್ಸಿಗೆ ಒಪ್ಪಿಗೆಯಾದರೆ ಮೂರು ತಿಂಗಳಿಗೋ ಆರು ತಿಂಗಳಿಗೋ ಮುಂದುವರಿಸಿ. ಮುಂಗಾರಿಗೆ ಕೊಡುವ ಮುಂಗಡವಾದರೆ ಮೇ ತಿಂಗಳೊಳಗೇ ಕೊಡಿ. ಬೀಜ, ಗೊಬ್ಬರ, ಆಳಿನ ಖರ್ಚು ರೈತನ ಮೇಲೆ ಬೀಳುವುದು ಆಗಲೇ. ನಿಮ್ಮ ಮನೆಯಲ್ಲಿ ಚಕ್ಕೋತ ಸೊಪ್ಪನ್ನೋ ಕೆಂಪು ಹರಿವೆಯನ್ನೋ ಇಷ್ಟಪಟ್ಟು ತಿನ್ನುತ್ತಾರೆಂದರೆ ಅದನ್ನೂ ಅದೇ ದಿನ ಹೇಳಿ, ಒಂದು ಮಡಿ ಹೆಚ್ಚಿಗೆ ಬಿತ್ತಿಕೊಳ್ಳುತ್ತಾರೆ.